ಚೀಲದೊಳಗಿನ ಜೀವ ಮತ್ತು ಎತ್ತಿ ಇಳಿಸುವ ಎಚ್ಚರ

ಶ್ರಾವಣ ಶುದ್ಧ ಪಂಚಮಿಯಂದು ನಾಡೆಲ್ಲ ನಾಗರನಿಗೆ ಹಾಲೆರೆಯುತ್ತದೆ. ಅದಾದ ಎರಡೇ ದಿನಕ್ಕೆ, ಶುದ್ಧ ಸಪ್ತಮಿಯಂದು, ದಿಗಂಬರ ಪರಂಪರೆಯ ಜಿನಮಂದಿರಗಳಲ್ಲಿ ಭಗವಾನ್ ಪಾರ್ಶ್ವನಾಥ ತೀರ್ಥಂಕರರ ಮೋಕ್ಷಕಲ್ಯಾಣದ ಪೂಜೆ ನೆರವೇರುತ್ತದೆ. ಸಮ್ಮೇದ ಶಿಖರದಲ್ಲಿ ಸ್ವಾಮಿಗಳು ಸಿದ್ಧಪದವಿಗೇರಿದ ಪುಣ್ಯದಿನವದು. ಅಭಿಷೇಕದ ಕ್ಷೀರವು ಬಿಂಬದ ಹೆಡೆಗಳ ಮೇಲಿನಿಂದ ಇಳಿದು ಬರುವುದನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಕನ್ನಡದ ಮನೆಯಲ್ಲಿ ಹಾವು, ಮರಾಠಿ ಹಾಗೂ ಗುಜರಾತಿ ಮನೆಗಳಲ್ಲಿ ಸಾಪ, ವಯನಾಡಿನ ಶ್ರಾವಕರ ನೆರೆಹೊರೆಯಲ್ಲಿ ಪಾಂಬು: ಹೆಸರು ಬೇರೆಯಾದರೂ ಆ ಜೀವವು ತೀರ್ಥಂಕರರ ಶಿರದ ಮೇಲೆ ನೆರಳಾಗಿ ನಿಂತಿರುವ ಚಿತ್ರ ಎಲ್ಲ ಮನೆಗಳಲ್ಲಿಯೂ ಒಂದೇ. ಬಿಂಬದ ಮೇಲಿನ ಹೆಡೆಗೆ ಕೈಮುಗಿಯುವ ಶ್ರಾವಕನು ಮನೆಯ ಮೂಲೆಯಲ್ಲಿ ಕಂಡ ಹೆಡೆಯೊಡನೆ ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆ ಈ ಪರ್ವಕಾಲದಲ್ಲಿ ವಿಚಾರಕ್ಕೆ ಯೋಗ್ಯವಾದುದು.

ಜತ್ತ, ಅಕ್ಕಲಕೋಟೆಗಳ ಕಡೆಯ ಒಂದು ಶ್ರಾವಕರ ಮನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಸುಗ್ಗಿ ಮುಗಿದಿದೆ. ಜೋಳದ ಚೀಲಗಳು ಒಳಮನೆ ಸೇರಿವೆ. ಅವುಗಳ ಹಿಂದೆಯೇ ಇಲಿಗಳೂ, ಇಲಿಗಳ ಹಿಂದೆ ಒಂದು ನಾಗರವೂ ಬಂದಿದೆ. ಮುಸ್ಸಂಜೆ ದೀಪ ಹಚ್ಚಲು ಹೋದ ಸೊಸೆ ಕೂಗಿಕೊಳ್ಳುತ್ತಾಳೆ. ಮೊಮ್ಮಗ ಬಡಿಗೆ ಹಿಡಿದು ಓಡಿ ಬರುತ್ತಾನೆ. ಅಜ್ಜಿ ಅಡ್ಡ ನಿಂತು, “ತಮ್ಮಾ, ಹೊಡೀಬ್ಯಾಡ. ಸ್ವಾಮಿ ತಲಿ ಮ್ಯಾಲೆ ನೆರಳು ಹಿಡದ ಜೀವ ಐತಿ ಅದು” ಎನ್ನುತ್ತಾಳೆ. “ಇಲ್ಲ ಆಯಿ, ಹೊಡಿಯಂಗಿಲ್ಲ. ದೂರ ಒಯ್ದು ಬಿಟ್ಟು ಬರ್ತೀವಿ” ಎಂದು ಮೊಮ್ಮಗ ಬಡಿಗೆ ಕೆಳಗಿಡುತ್ತಾನೆ. ಹಾವು ಹಿಡಿಯಬಲ್ಲೆನೆಂಬ ತರುಣನೊಬ್ಬ ಬರುತ್ತಾನೆ. ಇಕ್ಕಳದಿಂದ ಹಾವಿನ ನಡುವನ್ನು ಬಿಗಿಯಾಗಿ ಹಿಡಿದು ರಸಗೊಬ್ಬರದ ಖಾಲಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಮೋಟಾರು ಸೈಕಲ್ಲಿನ ಹಿಂದೆ ಬಿಗಿಯುತ್ತಾನೆ. ದಾರಿಯ ಚಹದಂಗಡಿಯಲ್ಲಿ ನಾಲ್ಕು ಜನರಿಗೆ ಚೀಲ ಬಿಚ್ಚಿ ತೋರಿಸುತ್ತಾನೆ. ಇಪ್ಪತ್ತು ಕಿಲೋಮೀಟರ್ ದೂರದ ಬೋಳುಗುಡ್ಡದಲ್ಲಿ ಚೀಲವನ್ನು ಝಾಡಿಸಿ ಹಿಂತಿರುಗುತ್ತಾನೆ. ಮನೆಯವರು ಣಮೋಕಾರ ಮಂತ್ರವನ್ನು ಸ್ಮರಿಸಿ, ಒಂದು ಜೀವ ಉಳಿಯಿತೆಂಬ ಸಮಾಧಾನದಿಂದ ಮಲಗುತ್ತಾರೆ.

ಆ ಮನೆಯವರ ಭಾವ ಶುದ್ಧವಾದುದು. ಎತ್ತಿದ ಬಡಿಗೆ ಕೆಳಗಿಳಿದದ್ದು ಸಣ್ಣ ಮಾತಲ್ಲ. ಆದರೆ ಜೀವ ಉಳಿಯಿತೇ ಎಂಬುದನ್ನು ಯಾರೂ ಕೇಳಲಿಲ್ಲ. ಹಾವಿನ ದೇಹವೆಂದರೆ ನೂರಾರು ಕಶೇರುಮಣಿಗಳ, ಅವುಗಳಿಗೆ ಅಂಟಿದ ನವಿರಾದ ಪಕ್ಕೆಲುಬುಗಳ ಸರಪಳಿ. ಇಕ್ಕಳದ ಬಿಗಿತಕ್ಕೆ ಅವು ಮುರಿದರೂ ಹೊರಗೆ ಗಾಯ ಕಾಣುವುದಿಲ್ಲ. ಹಾವು ತನ್ನ ಮೈಯ ಶಾಖವನ್ನು ತಾನೇ ಉಂಟುಮಾಡಿಕೊಳ್ಳುವ ಪ್ರಾಣಿಯಲ್ಲ. ಸುತ್ತಲಿನ ಬಿಸಿಯೇ ಅದರ ಬಿಸಿ. ಕಾದ ಚೀಲದಲ್ಲಿ, ಬಿಸಿಲಿಗೆ ನಿಂತ ವಾಹನದಲ್ಲಿ ಅದು ಅಲ್ಪ ಸಮಯದಲ್ಲಿಯೇ ಸಾಯಬಲ್ಲದು. ಅರಚಲು ಅದಕ್ಕೆ ಕಂಠವಿಲ್ಲ. ಆದುದರಿಂದ ಚೀಲದೊಳಗೆ ನಡೆಯುವ ಹಿಂಸೆಗೆ ಸಾಕ್ಷಿ ಇರುವುದಿಲ್ಲ. ಕೊಲ್ಲಲಿಲ್ಲವೆಂಬಲ್ಲಿಗೆ ಅಹಿಂಸೆ ಪೂರ್ಣವಾಯಿತೇ, ಅಥವಾ ಅಲ್ಲಿಂದ ಆರಂಭವಾಯಿತೇ ಎಂಬುದೇ ಇಲ್ಲಿಯ ಪ್ರಶ್ನೆ.

ಪಾರ್ಶ್ವಕುಮಾರನ ಕಥೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೆನೆಯಬೇಕು. ವಾರಾಣಸಿಯ ಹೊರವಲಯದಲ್ಲಿ ತಾಪಸನೊಬ್ಬ ಪಂಚಾಗ್ನಿ ತಪಸ್ಸಿಗೆ ತೊಡಗಿದ್ದ. ಅಗ್ನಿಗೆಂದು ತಂದ ಕೊರಡಿನೊಳಗೆ ಸರ್ಪವಿರುವುದನ್ನು ಕುಮಾರನು ತನ್ನ ಜ್ಞಾನದಿಂದ ಅರಿತು ಎಚ್ಚರಿಸಿದ. ತಾಪಸನು ಕೇಳಲಿಲ್ಲ. ಕೊರಡನ್ನು ಸೀಳಿದಾಗ ಸರ್ಪಯುಗಲವು ಕತ್ತರಿಸಿ ಬಿದ್ದಿತೆಂದು ಒಂದು ಪರಂಪರೆಯ ಪುರಾಣಗಳು ಹೇಳಿದರೆ, ಉರಿಯುವ ಕಟ್ಟಿಗೆಯಿಂದ ಅರೆಬೆಂದ ಸರ್ಪವನ್ನು ಹೊರತೆಗೆಯಲಾಯಿತೆಂದು ಇನ್ನೊಂದು ಪರಂಪರೆ ಹೇಳುತ್ತದೆ. ಆ ಜೀವಗಳು ಉಳಿಯಲಿಲ್ಲ. ಅಂತ್ಯಕಾಲದಲ್ಲಿ ಧರ್ಮಶ್ರವಣದಿಂದ ಶಾಂತಭಾವ ಪಡೆದು ಧರಣೇಂದ್ರ, ಪದ್ಮಾವತಿಯರಾಗಿ ಹುಟ್ಟಿದವು.

ಈ ಕಥೆಯ ತಾಪಸನು ಸರ್ಪದ್ವೇಷಿಯಾಗಿರಲಿಲ್ಲವೆಂಬುದು ಗಮನಿಸಬೇಕಾದ ಅಂಶ. ಕೊರಡಿನಲ್ಲಿ ಹಾವಿದೆಯೆಂದು ಅವನಿಗೆ ತಿಳಿದಿರಲೇ ಇಲ್ಲ. ಅವನ ಉದ್ದೇಶವೂ ಅವನ ಮಟ್ಟಿಗೆ ಪುಣ್ಯಕಾರ್ಯವೇ. ಅವನ ದೋಷ ಒಂದೇ: ತಾನು ಎತ್ತಿ ತಂದುದರಲ್ಲಿ ಏನಿದೆಯೆಂದು ನೋಡಲಿಲ್ಲ, ನೋಡು ಎಂದವನ ಮಾತನ್ನೂ ಕೇಳಲಿಲ್ಲ. ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಂದಿಟ್ಟಿರುವುದು ಇದಕ್ಕಾಗಿಯೇ. ದ್ವೇಷದಿಂದ ಆಗುವ ಹಿಂಸೆಗಿಂತ ನೋಡದೆ ಆಗುವ ಹಿಂಸೆಯೇ ಲೋಕದಲ್ಲಿ ಹೆಚ್ಚು. ಗೊಬ್ಬರದ ಚೀಲವನ್ನು ಮೋಟಾರು ಸೈಕಲ್ಲಿಗೆ ಬಿಗಿದ ತರುಣನಿಗೂ ಹಾವಿನ ಮೇಲೆ ಹಗೆತನವಿರಲಿಲ್ಲ.

ಐದು ಸಮಿತಿಗಳಲ್ಲಿ ಆದಾನ ನಿಕ್ಷೇಪಣ ಸಮಿತಿ ಒಂದು. ಯಾವುದೇ ವಸ್ತುವನ್ನು ತೆಗೆದುಕೊಳ್ಳುವಾಗ ಮತ್ತು ಇಡುವಾಗ ಜೀವಬಾಧೆಯಾಗದಂತೆ ನೋಡಿ, ಶೋಧಿಸಿ ನಡೆದುಕೊಳ್ಳುವುದೇ ಅದರ ತಾತ್ಪರ್ಯ. ದಿಗಂಬರ ಮುನಿಗಳು ಕಮಂಡಲುವನ್ನು ಇಡುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುತ್ತಾರೆ. ಶ್ವೇತಾಂಬರ ಸಾಧುಗಳ ರಜೋಹರಣದ ಉದ್ದೇಶವೂ ಅದೇ. ಇದು ಮುನಿಗಳ ಆಚಾರ, ಗೃಹಸ್ಥರಿಗೇಕೆ ಎಂದು ಯಾರಾದರೂ ಕೇಳಬಹುದು. ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳುವಲ್ಲಿಯೂ ತತ್ತ್ವಾರ್ಥಸೂತ್ರವು ಈ ಸಮಿತಿಯನ್ನು ಸೇರಿಸಿದೆ. ಮುನಿಯದು ಮಹಾವ್ರತ, ಶ್ರಾವಕನದು ಅಣುವ್ರತ. ಅಳತೆ ಬೇರೆ, ದಿಕ್ಕು ಒಂದೇ. ಒಂದು ಕಮಂಡಲುವನ್ನು ಇಳಿಸಲು ಇಷ್ಟು ಎಚ್ಚರ ಬೇಕಾದರೆ, ಜೀವಂತ ಹಾವೊಂದನ್ನು ಎತ್ತಿ ಬೇರೆಡೆ ಇಳಿಸಲು ಎಷ್ಟು ಎಚ್ಚರ ಬೇಕಾದೀತು?

ಅದೇ ಸೂತ್ರಗ್ರಂಥವು ಅಹಿಂಸಾಣುವ್ರತದ ಐದು ಅತಿಚಾರಗಳನ್ನೂ ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆಯುವುದು. ಸಾಮಾನ್ಯವಾಗಿ ಇವನ್ನು ಎತ್ತು, ಎಮ್ಮೆ, ಕುದುರೆಗಳನ್ನು ಕುರಿತು ವಿವರಿಸುವುದು ರೂಢಿ. ಆದರೆ ಹಾವಾಡಿಗರ ಬುಟ್ಟಿಯಲ್ಲಿ ಇವುಗಳಲ್ಲಿ ಹಲವು ಒಟ್ಟಿಗೇ ಕಾಣಸಿಗುತ್ತವೆ. ಬುಟ್ಟಿಯೇ ಬಂಧ. ವಿಷದ ಹಲ್ಲು ಕಿತ್ತು, ಕೆಲವೊಮ್ಮೆ ಬಾಯಿಯನ್ನೇ ಹೊಲಿಯುವುದು ಛೇದ. ಪಂಚಮಿಯ ದಿನ ಹಾಲು ಕುಡಿಯಲೆಂದು ದಿನಗಟ್ಟಲೆ ನೀರಿಲ್ಲದೆ ಇರಿಸುವುದು ಅನ್ನಪಾನನಿರೋಧ. ಹಾಲು ಹಾವಿನ ಆಹಾರವಲ್ಲ. ಬಾಯಾರಿದ ಪ್ರಾಣಿ ನೀರೆಂದು ತಿಳಿದು ಅದನ್ನು ಕುಡಿಯುತ್ತದೆ, ನಂತರ ಬಾಧೆಪಡುತ್ತದೆ. ಅಂಥ ಹಾವಿಗೆ ಹಾಲೆರೆದವರ ಭಕ್ತಿ ನಿಜ. ಆದರೆ ಆ ಭಕ್ತಿಯ ಬೆಲೆಯನ್ನು ಹಾವು ತೆರುತ್ತದೆ. ಕರುಣೆಯಿಂದ ಹಣ ಕೊಟ್ಟು ಹಾವನ್ನು ಬಿಡಿಸುವ ಶ್ರಾವಕರೂ ಉಂಟು. ಆ ಹಣವು ಮುಂದಿನ ವರ್ಷದ ಹಬ್ಬಕ್ಕೆ ಇನ್ನೆರಡು ಹಾವುಗಳನ್ನು ಹಿಡಿಸುವ ಮುಂಗಡವಾದರೆ ಅದನ್ನು ಅಭಯದಾನವೆನ್ನುವುದು ಕಷ್ಟ.

ಜತ್ತ ತಾಲ್ಲೂಕು ಇರುವ ಸಾಂಗಲಿ ಜಿಲ್ಲೆಯಲ್ಲಿಯೇ ಬತ್ತೀಸ ಶಿರಾಳಾ ಎಂಬ ಊರಿದೆ. ನಾಗಪಂಚಮಿಗೆ ಮುನ್ನ ಹೊಲಗಳಲ್ಲಿ ನಾಗರಗಳನ್ನು ಹಿಡಿದು, ಮಣ್ಣಿನ ಮಡಕೆಗಳಲ್ಲಿ ಇರಿಸಿಕೊಂಡು, ಹಬ್ಬದಂದು ಪೂಜಿಸಿ, ಮೆರವಣಿಗೆಯಲ್ಲಿ ಕೊಂಡೊಯ್ದು, ಬಳಿಕ ಬಿಟ್ಟುಬರುವುದು ಅಲ್ಲಿಯ ಹಳೆಯ ಸಂಪ್ರದಾಯ. ಹಿಡಿದವರು ಹಾವನ್ನು ಮನೆಯ ಅತಿಥಿಯಂತೆ ಕಂಡರೆಂಬುದನ್ನು ಅಲ್ಲಗಳೆಯಬೇಕಿಲ್ಲ. ಆದರೂ ವಾದ್ಯಗಳ ಅದುರು, ಜನಸಂದಣಿ, ವಾಹನದ ಕುಲುಕಾಟ ಇವೆಲ್ಲ ನೆಲದ ಕಂಪನವನ್ನೇ ಲೋಕವೆಂದು ತಿಳಿದ ಜೀವಕ್ಕೆ ಎಂಥ ಪೀಡೆಯೆಂಬುದನ್ನು ಭಕ್ತಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಾಂಬೆ ಉಚ್ಚ ನ್ಯಾಯಾಲಯದ ಆದೇಶಗಳ ನಂತರ ಕಳೆದ ದಶಕದಲ್ಲಿ ಜೀವಂತ ನಾಗರಗಳ ಪ್ರದರ್ಶನ ನಿಂತು, ಪೂಜೆ ಪ್ರತಿಮೆಗೆ ತಿರುಗಿತು. 2025ರಲ್ಲಿ ಶಿಕ್ಷಣದ ಉದ್ದೇಶಕ್ಕೆಂದು ಮಿತ ಸಂಖ್ಯೆಯಲ್ಲಿ ಹಾವು ಹಿಡಿಯಲು ಕೇಂದ್ರವು ಷರತ್ತಿನ ಅನುಮತಿ ನೀಡಿದಾಗ ವಾದ ಮತ್ತೆ ಎದ್ದಿತು. ಕಾನೂನು ಏನನ್ನು ಅನುಮತಿಸಿದರೂ, ಬಂಧದ ಹೊರೆ ಯಾರ ಮೇಲೆ ಬೀಳುತ್ತದೆಂಬ ಪ್ರಶ್ನೆ ಶ್ರಾವಕನಿಗೆ ಉಳಿದೇ ಇರುತ್ತದೆ.

ಶ್ವೇತಾಂಬರ ಪರಂಪರೆಯ ಚಂಡಕೌಶಿಕನ ಕಥೆ ಇದನ್ನೇ ಬೇರೊಂದು ಬಗೆಯಲ್ಲಿ ತಿಳಿಸುತ್ತದೆ. ಕ್ರೂರ ದೃಷ್ಟಿಯ ಆ ಸರ್ಪವು ಭಗವಾನ್ ಮಹಾವೀರರ ಕರುಣೆಯಿಂದ ಶಾಂತವಾಗಿ, ತಲೆಯನ್ನು ಹುತ್ತದೊಳಗಿಟ್ಟು ಮಲಗಿತು. ಹರ್ಷಗೊಂಡ ಜನರು ಅದರ ಮೈಮೇಲೆ ತುಪ್ಪ ಸುರಿದರು. ತುಪ್ಪಕ್ಕೆ ಇರುವೆಗಳು ಮುತ್ತಿದವು. ಸರ್ಪವು ಅಲುಗಾಡದೆ ಆ ನೋವನ್ನು ಸಹಿಸಿ ಸದ್ಗತಿ ಪಡೆಯಿತು. ಸರ್ಪದ ಸಹನೆಯನ್ನು ಎಲ್ಲರೂ ಹೊಗಳುತ್ತಾರೆ. ತುಪ್ಪ ಸುರಿದ ಕೈಗಳನ್ನು ಕುರಿತು ಯೋಚಿಸುವವರು ಕಡಿಮೆ.

ಈಚಿನ ವರ್ಷಗಳಲ್ಲಿ ನಗರಗಳ ಸುಖವಂತ ಮನೆಗಳಲ್ಲಿ ಇನ್ನೊಂದು ಬಗೆಯ ಬಂಧ ತಲೆಯೆತ್ತಿದೆ. ಆಫ್ರಿಕಾದ ಬಾಲ್ ಪೈಥಾನ್ ಮೊದಲಾದ ಹಾವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಹವ್ಯಾಸ ತರುಣರನ್ನು ಸೆಳೆಯುತ್ತಿದೆ. ಭಾರತದ ಹಾವುಗಳನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. 2022ರ ತಿದ್ದುಪಡಿಯ ನಂತರ ನಾಗರಹಾವು ಮೊದಲ ಅನುಸೂಚಿಯ ರಕ್ಷಣೆ ಪಡೆದಿದೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಇರಿಸಿಕೊಂಡವರು 2024ರ ನಿಯಮಗಳಂತೆ ಸರ್ಕಾರದಲ್ಲಿ ನೋಂದಾಯಿಸಬೇಕು. ಆದರೆ ಅಂಗಡಿಯ ಗಾಜಿನ ಹಿಂದೆ ಕಾಣುವ ಮುದ್ದು ಹಾವು ಅಲ್ಲಿಗೆ ಹೇಗೆ ಬಂದಿತೆಂದು ಕೇಳುವವರಾರು? 2023ರ ಜುಲೈನಲ್ಲಿ ತಿರುಚಿರಾಪಳ್ಳಿ ವಿಮಾನ ನಿಲ್ದಾಣದಲ್ಲಿ ಕೌಲಾಲಂಪುರದಿಂದ ಬಂದ ಪ್ರಯಾಣಿಕನೊಬ್ಬನ ಚೀಲದಲ್ಲಿ 47 ಹೆಬ್ಬಾವುಗಳು ಸಿಕ್ಕವು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ 10 ಹಳದಿ ಅನಕೊಂಡಾಗಳು ದೊರೆತವು. ಬಟ್ಟೆಗಳ ನಡುವೆ ತುರುಕಿದ ಆ ಜೀವಗಳ ಪ್ರಯಾಣವನ್ನು ನೆನೆದರೆ, ಸಾಕುವ ಪ್ರೀತಿಗೂ ಸಾಗಿಸುವ ಕ್ರೌರ್ಯಕ್ಕೂ ನಡುವಿನ ಅಂತರ ಎಷ್ಟು ತೆಳುವೆಂಬುದು ತಿಳಿಯುತ್ತದೆ. ಕೊಳ್ಳುವವನು ಆ ಚೀಲವನ್ನು ಕಟ್ಟಲಿಲ್ಲ, ನಿಜ. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಎಣಿಸುವ ಧರ್ಮದಲ್ಲಿ ಆ ಮಾತು ನಿಲ್ಲುವುದಿಲ್ಲ.

ಹಾಗಾದರೆ ಭಯಕ್ಕೆ ಬೆಲೆಯಿಲ್ಲವೇ? ಇದೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ, ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಹೆಚ್ಚಿನವರು ಹಳ್ಳಿಗರು. 2019ರ ನವೆಂಬರ್‌ನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯೊಂದರ ತರಗತಿಯಲ್ಲಿಯೇ ಹಾವು ಕಚ್ಚಿ ಪುಟ್ಟ ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡಳು. ಮಗುವನ್ನು ಕಳೆದುಕೊಂಡ ತಾಯಿಗೆ ಅಹಿಂಸೆಯ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಗೃಹಸ್ಥನ ಬಾಳಿನ ಕಷ್ಟವನ್ನು ಆಚಾರ್ಯರು ಅರಿಯದವರಲ್ಲ. ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಿಂದ ಪೂರ್ಣವಾಗಿ ಬಿಡುಗಡೆ ಅವನಿಗೆ ಸಾಧ್ಯವಿಲ್ಲವೆಂಬುದು ಶ್ರಾವಕಾಚಾರದ ವಿವೇಚನೆ. ಮನೆಯವರ ರಕ್ಷಣೆ ವಿರೋಧೀ ಹಿಂಸೆಯ ಮಾತು ಎನ್ನಬಹುದು. ಆದರೆ ಆ ವಿನಾಯಿತಿ ಬೇರೆ ದಾರಿ ಇಲ್ಲದವನಿಗೆ ಸಲ್ಲುವಂಥದು. ಹಿಂದಿನ ಕಾಲದ ಒಂಟಿ ತೋಟದ ಮನೆಯವನಿಗೆ ದಾರಿ ಇಲ್ಲದಿದ್ದಿರಬಹುದು. ಇಂದು ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ 1926 ಸಹಾಯವಾಣಿ ಇದೆ. ಕೇರಳದ ಅರಣ್ಯ ಇಲಾಖೆ 2020ರಲ್ಲಿ ಹಾವು ರಕ್ಷಕರಿಗೆ ತರಬೇತಿ ಹಾಗೂ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿ, ಸರ್ಪ ಎಂಬ ಹೆಸರಿನ ಮೊಬೈಲ್ ವ್ಯವಸ್ಥೆಯ ಮೂಲಕ ಅವರನ್ನು ಜನರಿಗೆ ತಲುಪಿಸುತ್ತಿದೆ. ದಾರಿ ತೆರೆದ ಮೇಲೆಯೂ ಬಡಿಗೆಯನ್ನೇ ಹಿಡಿದರೆ ಅದು ಸಂಕಲ್ಪಕ್ಕೆ ಹತ್ತಿರವಾಗುತ್ತದೆ.

ಕಡಿತಕ್ಕೆ ಮದ್ದೂ ಹಾವಿನಿಂದಲೇ ಬರುತ್ತದೆಂಬುದು ಇನ್ನೊಂದು ಧರ್ಮಸೂಕ್ಷ್ಮ. ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕರ ವಿಷದಿಂದ ಕುದುರೆಗಳ ನೆರವಿನಿಂದ ಪ್ರತಿವಿಷ ತಯಾರಾಗುತ್ತದೆ. ಚೆನ್ನೈ ಬಳಿಯ ಇರುಳರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದವರು ಹಾವುಗಳನ್ನು ಹಿಡಿದು ತಂದು, ಮಣ್ಣಿನ ಮಡಕೆಗಳಲ್ಲಿ ಕೆಲವು ವಾರ ಇರಿಸಿ, ವಿಷ ತೆಗೆದು, ಮತ್ತೆ ಬಿಟ್ಟುಬರುತ್ತಾರೆ. ಇದೂ ಬಂಧವೇ. ಜೀವರಕ್ಷಣೆಗೆ ಅನಿವಾರ್ಯವಾದ, ಅವಧಿಗೆ ಮಿತಿಯುಳ್ಳ, ಮರಳಿ ಬಿಡುವ ಹೊಣೆಯುಳ್ಳ ಬಂಧವನ್ನೂ ಕಣ್ಣಿನ ಸುಖಕ್ಕಾಗಿ ಗಾಜಿನ ಹಿಂದೆ ಆಯುಷ್ಯವಿಡೀ ಇರಿಸುವ ಬಂಧವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯದು ದೋಷರಹಿತವೆಂದು ಇದರ ಅರ್ಥವಲ್ಲ. ಅದರ ದೋಷವನ್ನು ಸಮಾಜವೆಲ್ಲ ಹಂಚಿಕೊಂಡು, ಹಾವಿನ ಋಣದಲ್ಲಿದ್ದೇವೆಂದು ನೆನಪಿಡಬೇಕೆಂಬುದೇ ಅರ್ಥ.

ಆದುದರಿಂದ ಮನೆಗೆ ಬಂದ ಹಾವನ್ನು ಸಾಗಿಸುವ ಕ್ರಮವೇ ಒಂದು ವ್ರತವಾಗಬೇಕು. ಮೊದಲನೆಯ ಎಚ್ಚರವೆಂದರೆ ತರಬೇತಿಯಿಲ್ಲದ ಕೈ ಅದಕ್ಕೆ ಚಾಚಬಾರದು. ಮಕ್ಕಳನ್ನು ದೂರವಿರಿಸಿ, ಹಾವಿನ ಮೇಲೆ ದೂರದಿಂದಲೇ ಕಣ್ಣಿಟ್ಟು, ಬಲ್ಲವರನ್ನು ಕರೆಯಿಸುವುದಷ್ಟೇ ಮನೆಯವರ ಕೆಲಸ. ಬಲ್ಲ ರಕ್ಷಕನು ಹಾವನ್ನು ಇಕ್ಕಳದಿಂದ ಹಿಸುಕುವುದಿಲ್ಲ. ಕೊಕ್ಕೆಯ ಮೇಲೆ ಅದರ ಮೈಭಾರವನ್ನು ಹೊತ್ತು, ಬಾಯಿಗೆ ಕೊಳವೆ ಜೋಡಿಸಿದ ಬಟ್ಟೆಯ ಚೀಲವನ್ನು ಮುಂದಿಡುತ್ತಾನೆ. ಕತ್ತಲಿನ ಬಿಲವೆಂದು ಭಾವಿಸಿ ಹಾವು ತಾನಾಗಿಯೇ ಒಳಸೇರುತ್ತದೆ. ಚೀಲ ಗಾಳಿಯಾಡುವ ಹತ್ತಿಬಟ್ಟೆಯದಾಗಿರಬೇಕು. ಒಂದು ಚೀಲಕ್ಕೆ ಒಂದೇ ಹಾವು. ಬಟ್ಟೆಯ ಮೂಲಕವೂ ಹಾವು ಕಚ್ಚಬಲ್ಲದಾದ್ದರಿಂದ ಆ ಚೀಲವನ್ನು ಗಾಳಿರಂಧ್ರಗಳುಳ್ಳ ಗಟ್ಟಿ ಡಬ್ಬಿಯಲ್ಲಿಟ್ಟು, ಮುಚ್ಚಳ ಭದ್ರಪಡಿಸಿ, ನೆರಳಿನಲ್ಲಿ, ಕುಲುಕದಂತೆ ಒಯ್ಯಬೇಕು. ದಾರಿಯಲ್ಲಿ ಅದಕ್ಕೆ ಆಹಾರವೇನೂ ಬೇಕಿಲ್ಲ. ತಿಂದು ಗಾಬರಿಗೊಂಡ ಹಾವು ನುಂಗಿದ್ದನ್ನು ಕಕ್ಕಿ ನಿತ್ರಾಣವಾಗುತ್ತದೆ. ಅದಕ್ಕೆ ಬೇಕಾದುದು ಕತ್ತಲೆ, ತಂಪು, ನಿಶ್ಶಬ್ದ. ನಡುದಾರಿಯಲ್ಲಿ ಚೀಲ ಬಿಚ್ಚಿ ತೋರಿಸುವುದು, ಫೋಟೋ ತೆಗೆಯುವುದು ಹಾವಿಗೂ ಅಪಾಯ, ಮನುಷ್ಯರಿಗೂ ಅಪಾಯ. 2022ರ ಜನವರಿಯಲ್ಲಿ ಕೇರಳದ ಕೋಟ್ಟಯಂ ಜಿಲ್ಲೆಯಲ್ಲಿ ದೀರ್ಘ ಅನುಭವದ ಹೆಸರಾಂತ ಹಾವುರಕ್ಷಕರೊಬ್ಬರೇ ನಾಗರವನ್ನು ಚೀಲಕ್ಕೆ ಹಾಕುವಾಗ ಕಡಿತಕ್ಕೊಳಗಾಗಿ, ಆಸ್ಪತ್ರೆಯಲ್ಲಿ ಸಾವಿನ ಅಂಚಿನಿಂದ ಮರಳಿದರು. ಬಲ್ಲವರ ಗತಿಯೇ ಹೀಗಾದರೆ ಶೌರ್ಯ ತೋರಿಸಲು ಹೊರಟವರ ಮಾತೇನು?

ಎತ್ತುವುದಕ್ಕಿಂತ ಇಳಿಸುವುದು ಕಠಿಣ. ದೂರ ಬಿಟ್ಟಷ್ಟೂ ಪುಣ್ಯವೆಂಬ ನಂಬಿಕೆ ಬಹಳ ಜನರಲ್ಲಿದೆ. ವಾಸ್ತವದಲ್ಲಿ ಹಾವಿಗೂ ತನ್ನದೆಂಬ ನೆಲವುಂಟು. ಎಲ್ಲಿ ಬಿಲ, ಎಲ್ಲಿ ನೀರು, ಎಲ್ಲಿ ಬೇಟೆ ಎಂಬುದು ಅದಕ್ಕೆ ಗೊತ್ತು. ಆಗುಂಬೆಯ ಮಳೆಕಾಡಿನಲ್ಲಿ ಕಾಳಿಂಗ ಸರ್ಪಗಳ ಮೈಯಲ್ಲಿ ರೇಡಿಯೋ ಸಾಧನವಿರಿಸಿ ನಡೆಸಿದ ಅಧ್ಯಯನದಲ್ಲಿ, ಬೇರೆಡೆಗೆ ಒಯ್ದು ಬಿಟ್ಟ ಸರ್ಪವು ನೆಲೆ ನಿಲ್ಲದೆ ಬಹುದೂರ ಅಲೆದದ್ದು ಕಂಡುಬಂದಿತು. ಅಪರಿಚಿತ ನೆಲದಲ್ಲಿ ಅಲೆಯುವ ಹಾವು ರಸ್ತೆ ದಾಟುತ್ತದೆ, ಇನ್ನೊಬ್ಬರ ಹಟ್ಟಿ ಹೊಕ್ಕುತ್ತದೆ, ಅಲ್ಲಿ ಬಡಿಗೆಗೆ ಸಿಗುತ್ತದೆ. ಇಲ್ಲವೇ ಅಲ್ಲಿಯ ಬಡವನ ಕಾಲಿಗೆ ಕಚ್ಚುತ್ತದೆ. ಒಂದು ಮನೆಯ ಭಯವನ್ನು ಇನ್ನೊಂದು ಮನೆಯ ಹೊಸ್ತಿಲಿಗೆ ಹೊತ್ತುಹಾಕಿದಂತಾಯಿತೇ ಹೊರತು ಅಭಯ ಸಿದ್ಧಿಸಲಿಲ್ಲ. ಹಿಡಿದ ಸ್ಥಳಕ್ಕೆ ಸಮೀಪದಲ್ಲಿಯೇ, ಜನವಸತಿಯಿಂದ ತುಸು ಸರಿದು, ಬಿಲ, ಪೊದೆ, ನೀರಿನ ಆಸರೆಯಿರುವ ಕಡೆ, ತಡಮಾಡದೆ ಬಿಡುವುದೇ ನಿಕ್ಷೇಪಣದ ಸರಿಯಾದ ರೀತಿ. ಹತ್ತಿರ ಬಿಟ್ಟರೆ ಮರಳಿ ಬಂದೀತೆಂಬ ಅಂಜಿಕೆಗೆ ಉತ್ತರ ಮನೆಯಲ್ಲಿಯೇ ಇದೆ: ಕಾಳಿನ ಚೀಲಗಳನ್ನು ಗೋಡೆಯಿಂದ ದೂರ, ಮಣೆಯ ಮೇಲೆ ಜೋಡಿಸುವುದು, ಗೋಡೆಯ ಬಿಲ ಮುಚ್ಚುವುದು, ಅಂಗಳದ ಕಟ್ಟಿಗೆಯ ರಾಶಿ ತೆರವು ಮಾಡುವುದು, ಕತ್ತಲಲ್ಲಿ ದೀಪವಿಲ್ಲದೆ ನಡೆಯದಿರುವುದು. ಇಲಿಗೆ ದಾರಿಯಿಲ್ಲದ ಮನೆಗೆ ಹಾವು ಬರುವುದು ಅಪರೂಪ. ಸಾಗಿಸುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಸುರಕ್ಷತೆ.

ಮತ್ತೆ ಆ ಜೋಳದ ಮನೆಗೆ ಮರಳಿದರೆ, ಅಜ್ಜಿಯ ಮಾತು ಧರ್ಮದ ಅರ್ಧವನ್ನು ಹೇಳಿತ್ತು. ಹೊಡೆಯಬಾರದೆಂಬುದು ಆ ಅರ್ಧ. ನೋಡಿ ಎತ್ತಬೇಕು, ನೋಡಿ ಇಳಿಸಬೇಕೆಂಬುದು ಉಳಿದರ್ಧ. ಮೊದಲರ್ಧವನ್ನು ತಲೆಮಾರುಗಳಿಂದ ಅಜ್ಜಿಯರು ಕಾಪಾಡಿಕೊಂಡು ಬಂದಿದ್ದಾರೆ. ಉಳಿದರ್ಧವನ್ನು ಕಲಿಯುವ ಹೊಣೆ ಮೊಮ್ಮಕ್ಕಳದು. ಬಸದಿಗೆ ಸೇರುವ ತರುಣರಲ್ಲಿ ಕೆಲವರಾದರೂ ಅರಣ್ಯ ಇಲಾಖೆಯ ತರಬೇತಿ ಪಡೆದರೆ, ಸಹಾಯವಾಣಿಯ ಸಂಖ್ಯೆಯನ್ನು ಬಸದಿಯ ಬಾಗಿಲಲ್ಲಿ ಕನ್ನಡ, ಮರಾಠಿ ಎರಡರಲ್ಲಿಯೂ ಬರೆಸಿದರೆ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಸಿಗುತ್ತದೆಂಬುದನ್ನು ಪ್ರತಿ ಮನೆಯೂ ತಿಳಿದಿದ್ದರೆ, ಅದು ಪಾರ್ಶ್ವಪ್ರಭುವಿಗೆ ಸಲ್ಲುವ ಒಂದು ಅರ್ಘ್ಯವೇ.

ಕುಮಾರ ಪಾರ್ಶ್ವನು ತಾಪಸನಿಗೆ ಹೊಸ ತಪಸ್ಸನ್ನು ಬೋಧಿಸುವ ಮೊದಲು ಕೊರಡಿನೊಳಗೆ ನೋಡೆಂದ. ಸಪ್ತಮಿಯ ಅಭಿಷೇಕ ಮುಗಿದು ಗಂಧೋದಕ ಹಣೆಗೇರಿದಾಗ ಶ್ರಾವಕನು ತನ್ನ ಕೈಗಳನ್ನೊಮ್ಮೆ ನೋಡಿಕೊಳ್ಳಲಿ; ಆ ದಿನ ಅವು ಏನನ್ನು ಎತ್ತಿದವು, ಎಲ್ಲಿ ಇಳಿಸಿದವು ಎಂದು ನೆನೆಯಲಿ.

ಜಯ ಜಿನೇಂದ್ರ.